ಇಳಿತದ ಹೊತ್ತು ನೋಡಿ ಮುಖ ಬರೆದದ್ದು: ಅಘನಾಶಿನಿ ಅಳಿವೆಯ ಒಂದು ಜಲವರ್ಣ ಶಿಬಿರ

ಕಡಲಂಚಿನ ಊರಿನಲ್ಲಿ ಚಿತ್ರಕಲಾ ಶಿಬಿರ ಎಂದರೆ ಬರುವವರ ತಲೆಯಲ್ಲಿ ಮೊದಲೇ ಒಂದು ಚಿತ್ರ ಇರುತ್ತದೆ. ತೆಂಗಿನ ಸಾಲು, ಮರಳಿನ ಮೇಲೆ ಎಳೆದಿಟ್ಟ ದೋಣಿ, ಸೂರ್ಯಾಸ್ತ. ಅಂಥ ಜಾಗದಲ್ಲಿ ಭಾವಚಿತ್ರ ಕಲಿಸುವುದು ಕಷ್ಟದ ಕೆಲಸ. ಎದುರಿಗೆ ಸಮುದ್ರ ಇರುವಾಗ ಒಂದೇ ಮುಖವನ್ನು ಗಂಟೆಗಟ್ಟಲೆ ನೋಡುತ್ತಾ ಕೂರಿ ಎಂದರೆ ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ?

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯ ಮೇಲಿನ ಒಂದು ಊರಿನಲ್ಲಿ, ಡಿಸೆಂಬರ್ ತಿಂಗಳಲ್ಲಿ ನಾನು ಅಂಥದೊಂದು ಶಿಬಿರ ನಡೆಸಿದೆ. ಬಂದವರು ಹನ್ನೆರಡು ಮಂದಿ. ಬೆಂಗಳೂರು, ಹುಬ್ಬಳ್ಳಿ ಕಡೆಯವರೇ ಹೆಚ್ಚು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಕೆಲವರು ಸಾಫ್ಟ್‌ವೇರ್ ಕೆಲಸದವರು. ಒಬ್ಬರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ಅದೇ ಊರಿನ, ಕುಮಟೆಯಲ್ಲಿ ಕಾಲೇಜು ಓದುತ್ತಿರುವ ಇಬ್ಬರು ಹುಡುಗಿಯರಿಗೆ ಶುಲ್ಕವಿಲ್ಲದೆ ಜಾಗ ಇಟ್ಟಿದ್ದೆವು. ಬ್ರಶ್ ಹಿಡಿದು ಎಲ್ಲರಿಗೂ ಅಭ್ಯಾಸ ಇತ್ತು. ಆದರೆ ಹೆಚ್ಚಿನವರು ಫೋಟೋ ನೋಡಿ ಮುಖ ಬರೆದವರು. ಎದುರಿಗೆ ಒಬ್ಬ ಮನುಷ್ಯರನ್ನು ಕೂರಿಸಿಕೊಂಡು ಬಣ್ಣ ಹಾಕಿದವರು ಬಹಳ ಕಡಿಮೆ.

ಆ ಶಿಬಿರ ಹೇಗೆ ನಡೆಯಿತು ಎಂಬುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಬೇರೆ ಕಡೆ ಇಂಥದ್ದು ಮಾಡುವವರಿಗೆ ಉಪಯೋಗವಾಗಲಿ ಎಂಬುದು ಆಸೆ. ನಾನು ಗಟ್ಟಿಯಾಗಿ ನಂಬಿರುವ ಮಾತು ಇದು: ಭಾವಚಿತ್ರ ಶಿಬಿರಕ್ಕೆ ಮೊದಲು ಗೊತ್ತಾಗಬೇಕಾದ್ದು ಎದುರಿಗೆ ಕೂರುವವರ ದಿನಚರಿ. ಬಣ್ಣ, ಕಾಗದ, ಬೆಳಕು, ಪಾಠದ ಕ್ರಮ ಎಲ್ಲವೂ ಅದರ ಹಿಂದೆ ಬರುತ್ತವೆ.

ಕೂರುವವರು ಯಾರು

ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಬಿದ್ದು, ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು, ಉಪ್ಪುನೀರು ಎರಡೂ ಬೆರೆಯುವ ಅಳಿವೆ ಅದರಿಂದಲೇ ಇನ್ನೂ ಜೀವಂತವಾಗಿದೆ. 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಇಲ್ಲಿನ ಗಜನಿ ಗದ್ದೆಗಳಲ್ಲಿ, ಅಂದರೆ ಹೊಳೆಯಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಹೊಳೆಯ ಕೆಸರಿನಲ್ಲಿ ಬಳಚು ಎಂಬ ತಿನ್ನುವ ಚಿಪ್ಪುಜೀವಿ ಸಿಗುತ್ತದೆ. ನೀರು ಇಳಿದಾಗ ಹೆಂಗಸರು ಮೊಣಕಾಲುದ್ದ, ಸೊಂಟದುದ್ದ ನೀರಿಗೆ ಇಳಿದು ಬಳಚು ಹೆಕ್ಕುತ್ತಾರೆ. ನಮಗೆ ಕೂರಲು ಒಪ್ಪಿದ ಅಕ್ಕ ಅಂಥವರಲ್ಲಿ ಒಬ್ಬರು. ವಯಸ್ಸು ಐವತ್ತು ದಾಟಿದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ನಡುವಿನ ಮೊದಲ ಒಪ್ಪಂದ. ಎರಡನೆಯದು ಹಣದ್ದು. ಆ ಹೊತ್ತಿನಲ್ಲಿ ಅವರು ಏನು ದುಡಿಯುತ್ತಿದ್ದರೋ ಅಷ್ಟು, ಅದರ ಮೇಲೆ ಸ್ವಲ್ಪ ಜಾಸ್ತಿ. ಅದನ್ನು ಶಿಬಿರದ ಶುಲ್ಕದಿಂದಲೇ, ಶುರುವಾಗುವ ಮೊದಲೇ ಕೊಟ್ಟಿದ್ದೆವು. ಕೊನೆಯ ದಿನ ಜನ ತಮಗೆ ತೋಚಿದಷ್ಟು ಕೈಗಿಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಅದರಲ್ಲಿ ಕೂತವರು ಕೈಚಾಚಿದ ಹಾಗಾಗುತ್ತದೆ. ಮೂರನೆಯದು ಫೋಟೋದ ಮಾತು. ಕೂತಾಗ ಒಂದೆರಡು ಫೋಟೋ ತೆಗೆಯಬಹುದು, ಬರೆಯಲು ಮಾತ್ರ. ನೀರಿನಲ್ಲಿ ಕೆಲಸ ಮಾಡುವಾಗ ತೆಗೆಯುವ ಹಾಗಿಲ್ಲ. ಕೊನೆಯದು, ಬರೆದ ಚಿತ್ರಗಳಲ್ಲಿ ಅವರಿಗೆ ಇಷ್ಟವಾದ ಒಂದು ಅವರಿಗೇ ಸೇರಬೇಕು.

ಫೋಟೋದ ವಿಷಯದಲ್ಲಿ ಒಂದು ಪ್ರಸಂಗ ನಡೆಯಿತು. ಶಿಬಿರದ ಒಬ್ಬರು ಬೆಳಗ್ಗೆ ಬೇಗ ಎದ್ದು ಹೊಳೆಯ ದಂಡೆಗೆ ಹೋಗಿ, ಸೀರೆ ಎತ್ತಿ ಕಟ್ಟಿ ಬಗ್ಗಿದ್ದ ಹೆಂಗಸರ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಬೆಳಕು ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿದ್ದವು. ಅಳಿಸಿ ಎಂದೆ. ಅವರಿಗೆ ಬೇಸರವಾಯಿತು. "ಇದು ಸಾರ್ವಜನಿಕ ಜಾಗ ಅಲ್ವಾ ಮೇಡಂ?" ಎಂದು ಕೇಳಿದರು. ಜಾಗ ಸಾರ್ವಜನಿಕ ಇರಬಹುದು. ಆದರೆ ಮಧ್ಯಾಹ್ನ ಅದೇ ಹೆಂಗಸಿನ ಎದುರು ಕೂತು ಮುಖ ನೋಡಬೇಕು. ಕೇಳದೆ ತೆಗೆದ ಫೋಟೋ ಜೇಬಿನಲ್ಲಿಟ್ಟುಕೊಂಡು ಅವರ ಕಣ್ಣನ್ನು ಹೇಗೆ ನೋಡುತ್ತೀರಿ? ಇಷ್ಟೇ ಹೇಳಿದೆ. ಅಳಿಸಿದರು. ಆಮೇಲೆ ಆ ವಿಷಯ ಬೆಳೆಯಲಿಲ್ಲ.

ಪಂಚಾಂಗ ನೋಡಿ ದಿನ ಇಟ್ಟದ್ದು

ಶಿಬಿರ ಅಂದರೆ ಬೆಳಗ್ಗೆ ಒಂಬತ್ತೂವರೆಗೆ ಶುರು, ಒಂದಕ್ಕೆ ಊಟ, ಐದಕ್ಕೆ ಮುಗಿಯಿತು. ನಗರದಲ್ಲಿ ಹಾಗೆ ನಡೆಯುತ್ತದೆ. ಅಳಿವೆಯ ಊರಿನಲ್ಲಿ ಗಡಿಯಾರ ಬೇರೆ. ಭರತ-ಇಳಿತ ದಿನಕ್ಕೆ ಎರಡೆರಡು ಸಲ ಆಗುತ್ತವೆ. ಚಂದ್ರ ಪ್ರತಿದಿನ ತಡವಾಗಿ ಹುಟ್ಟುವುದರಿಂದ ಅವುಗಳ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಹತ್ತು ಗಂಟೆಗೆ ನೀರು ಪೂರ್ತಿ ಇಳಿದರೆ, ನಾಳೆ ಹತ್ತು ಐವತ್ತಕ್ಕೆ, ನಾಡಿದ್ದು ಹನ್ನೊಂದು ನಲವತ್ತಕ್ಕೆ. ಬಳಚು ಹೆಕ್ಕುವವರು ಇಳಿತದ ಹಿಂದೆ ಮುಂದೆ ಒಟ್ಟು ಮೂರು-ನಾಲ್ಕು ಗಂಟೆ ನೀರಿನಲ್ಲಿರುತ್ತಾರೆ. ಆಮೇಲೆ ಹೆಕ್ಕಿದ್ದನ್ನು ತೊಳೆಯಬೇಕು, ಮಾರಲು ಕಳಿಸಬೇಕು, ಮನೆಯ ಅಡುಗೆ ನೋಡಬೇಕು. ಇಷ್ಟೆಲ್ಲ ಮುಗಿದ ಮೇಲೆ ಉಳಿದ ಹೊತ್ತು ನಮ್ಮದು.

ಇನ್ನೂ ಒಂದು ಸಂಗತಿ ಇದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ಎಳೆಯುತ್ತವೆ. ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಕೆಸರಿನ ನೆಲ ದೂರದವರೆಗೆ ತೆರೆಯುತ್ತದೆ. ಬಳಚಿಗೆ ಅವೇ ಒಳ್ಳೆಯ ದಿನಗಳು, ಯಾರೂ ಮನೆಯಲ್ಲಿ ಇರುವುದಿಲ್ಲ. ಅಷ್ಟಮಿ, ನವಮಿಯ ಹೊತ್ತಿಗೆ ಎಳೆತ ಸಡಿಲವಾಗುತ್ತದೆ, ನೀರಿನ ಏರಿಳಿತ ಸಣ್ಣದಾಗುತ್ತದೆ. ಆಗ ಕೆಲಸವೂ ಕಡಿಮೆ. ಹಾಗಾಗಿ ಶಿಬಿರದ ದಿನಗಳನ್ನು ಪಂಚಾಂಗ ನೋಡಿ, ಅಷ್ಟಮಿಗೆ ಹತ್ತಿರದ ವಾರಾಂತ್ಯಕ್ಕೆ ಇಟ್ಟೆವು. ರಜೆ ಹೊಂದಿಸಿಕೊಳ್ಳಲು ಕೆಲವರಿಗೆ ಕಷ್ಟವಾಯಿತು. ಆದರೂ ಇದರಲ್ಲಿ ನಾನು ಬಗ್ಗಲಿಲ್ಲ. ಹೊಟ್ಟೆಪಾಡಿನ ದಿನವನ್ನು ಬಿಟ್ಟು ಬಂದು ಕೂರಿ ಎಂದು ಕೇಳುವುದಕ್ಕಿಂತ, ಹನ್ನೆರಡು ಜನ ರಜೆ ಬದಲಿಸಿಕೊಳ್ಳುವುದು ಸರಿ.

ಮೊದಲ ದಿನ ಮೂರು ಗಂಟೆಗೆ ಕೂತೆವು. ಮರುದಿನ ನಾಲ್ಕಕ್ಕೆ ಹತ್ತಿರ. ಅದರ ಮರುದಿನ ಅದೇ ಲೆಕ್ಕದಲ್ಲಿ ಹೋದರೆ ಐದು ಗಂಟೆ ಆಗುತ್ತಿತ್ತು. ಡಿಸೆಂಬರ್‌ನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಆಮೇಲೆ ಬೆಳಗ್ಗೆಗೆ ತಂದೆವು, ಅವರು ನೀರಿಗೆ ಇಳಿಯುವ ಮೊದಲು. ಇದರಿಂದ ಒಂದು ಲಾಭವಾಯಿತು. ಒಂದೇ ಮುಖವನ್ನು ಎರಡು ಬೇರೆ ಬೆಳಕಿನಲ್ಲಿ ಎಲ್ಲರೂ ನೋಡಿದರು.

ಕೂರಿಸಿದ್ದು ಒಂದು ಹಳೆಯ ಮನೆಯ ಜಗಲಿಯಲ್ಲಿ. ಉತ್ತರಕ್ಕೆ ಮುಖ ಮಾಡಿದ ಜಗಲಿ. ನಮ್ಮ ಕರಾವಳಿಯಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ನಡುಮಧ್ಯಾಹ್ನವೂ ಕುಮಟೆಯಲ್ಲಿ ಸುಮಾರು 52 ಡಿಗ್ರಿ ಎತ್ತರಕ್ಕಿಂತ ಮೇಲೆ ಬರುವುದಿಲ್ಲ. ಉತ್ತರದ ಜಗಲಿಗೆ ನೇರ ಬಿಸಿಲು ಬೀಳುವುದೇ ಇಲ್ಲ, ಆಕಾಶದ ಬೆಳಕು ಮಾತ್ರ ಬರುತ್ತದೆ. ಅದು ಗಂಟೆಗಟ್ಟಲೆ ಹೆಚ್ಚು ಬದಲಾಗುವುದಿಲ್ಲ. ಬೀಚಿನಲ್ಲೇ ಕೂರಿಸೋಣ, ಹಿಂದೆ ಸಮುದ್ರ ಬರುತ್ತದೆ ಎಂದು ಹಲವರು ಕೇಳಿದ್ದರು. ಬೀಚಿನಲ್ಲಿ ಬಿಸಿಲು ಮೇಲಿನಿಂದಲೂ ಬರುತ್ತದೆ, ಮರಳಿನಿಂದ ಕೆಳಗಿನಿಂದಲೂ ಬರುತ್ತದೆ. ಮುಖದ ಉಬ್ಬುತಗ್ಗು ಎಲ್ಲ ಚಪ್ಪಟೆಯಾಗುತ್ತದೆ. ಕೂತವರಿಗೆ ಕಣ್ಣು ಬಿಡಲು ಆಗುವುದಿಲ್ಲ. ಕಲಿಯುವವರ ಬಿಳಿ ಕಾಗದ ಬಿಸಿಲಿನಲ್ಲಿ ಎಷ್ಟು ಹೊಳೆಯುತ್ತದೆ ಎಂದರೆ ತಾವು ಹಾಕಿದ ಬಣ್ಣ ಗಾಢವೋ ತೆಳುವೋ ಗೊತ್ತಾಗುವುದಿಲ್ಲ. ಒಳಗೆ ತಂದು ನೋಡಿದರೆ ಎಲ್ಲವೂ ಕಂದಿದ ಹಾಗಿರುತ್ತದೆ.

ಅಕ್ಕನಿಗೆ ಸುಮ್ಮನೆ ಕೂರುವುದೇ ಕಷ್ಟವಾಯಿತು. "ಕೂರೂದು ಅಂದ್ರೆ ಸುಮ್ನೆ ಕೂರೂದಾ ಅಕ್ಕೋರೆ? ಅದು ನನ್ನಿಂದ ಆಗೂದಿಲ್ಲ" ಎಂದರು. ಏನಾದರೂ ಕೈಕೆಲಸ ಹಿಡಿದುಕೊಳ್ಳಿ ಎಂದೆ. ಅಬ್ಬಲಿಗೆ ಹೂ ಕಟ್ಟತೊಡಗಿದರು. ತಲೆ ಸ್ವಲ್ಪ ಬಗ್ಗಿತು, ಕಣ್ಣು ಕೆಳಗಾಯಿತು, ಮುಖ ಸಡಿಲವಾಯಿತು. ಅದಕ್ಕಿಂತ ಒಳ್ಳೆಯ ಭಂಗಿ ನಾನು ಹೇಳಿ ಕೂರಿಸಿದ್ದರೂ ಸಿಗುತ್ತಿರಲಿಲ್ಲ. ಇಪ್ಪತ್ತು ನಿಮಿಷ ಕೂರುವುದು, ಹತ್ತು ನಿಮಿಷ ಬಿಡುವು. ದಿನಾ ಗಂಟೆಗಟ್ಟಲೆ ನೀರಿನಲ್ಲಿ ಬಗ್ಗುವ ಬೆನ್ನು ಅದು. ಬೆನ್ನಿಗೆ ಆಸರೆ ಇರುವ ಕುರ್ಚಿಯನ್ನೇ ಹಾಕಿದ್ದೆವು.

ಒದ್ದೆ ಗಾಳಿ, ಒದ್ದೆ ಕಾಗದ

ಜಲವರ್ಣದ ಅರ್ಧ ಕಷ್ಟ ಕಾಯುವುದರಲ್ಲಿದೆ. ಕರಾವಳಿಯಲ್ಲಿ ಅದು ಇನ್ನೂ ಜಾಸ್ತಿ. ಬೆಳಗ್ಗೆ ಗಾಳಿ ಒದ್ದೆಯಾಗಿರುತ್ತದೆ, ಹಾಕಿದ ವಾಶ್, ಅಂದರೆ ನೀರಾಗಿ ಕಲಸಿದ ಬಣ್ಣದ ತೆಳು ಪದರ, ಬಹಳ ಹೊತ್ತು ಹೊಳೆಯುತ್ತಲೇ ಇರುತ್ತದೆ. ತಾಳ್ಮೆ ತಪ್ಪಿ ಅರೆ ಒಣಗಿದ ಕೆನ್ನೆಯ ಮೇಲೆ ನೀರು ಜಾಸ್ತಿ ಇರುವ ಬ್ರಶ್ ಮುಟ್ಟಿಸಿದರೆ ಆ ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗಟ್ಟಿ ಗೆರೆ ಕಟ್ಟುತ್ತದೆ. ಇದಕ್ಕೆ ಬ್ಲೂಮ್ ಎನ್ನುತ್ತಾರೆ. ಆಕಾಶ ಬರೆಯುವಾಗ ಅದು ಮೋಡವಾಗಿ ಪಾರಾಗಬಹುದು. ಕೆನ್ನೆಯ ಮೇಲೆ ಅದು ಗಾಯದ ಗುರುತಾಗಿ ಕಾಣುತ್ತದೆ. ಮಧ್ಯಾಹ್ನ ಕಡಲಗಾಳಿ ಬೀಸತೊಡಗಿದ ಮೇಲೆ ಲೆಕ್ಕ ತಿರುಗಿಬೀಳುತ್ತದೆ. ಅದೇ ವಾಶ್ ಅರ್ಧ ಹಾಕುವಷ್ಟರಲ್ಲಿ ಒಣಗುತ್ತದೆ. ಕೈಬೆರಳಿನ ಹಿಂಭಾಗವನ್ನು ಕಾಗದಕ್ಕೆ ಮೆಲ್ಲಗೆ ತಾಗಿಸಿ ನೋಡಿ ಎಂದು ಹೇಳಿಕೊಟ್ಟೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಮುಂದಿನ ಪದರಕ್ಕೆ ಕೈ ಹಾಕಬೇಡಿ.

ಅಕ್ಕನ ಬಿಡುವಿನ ಹೊತ್ತನ್ನು ಇದಕ್ಕೆ ಜೋಡಿಸಿದೆವು. ಅವರು ಎದ್ದು ಓಡಾಡುವ ಹತ್ತು ನಿಮಿಷ ಚಿತ್ರ ಒಣಗುವ ಹೊತ್ತು. ಯಾರೂ ಬ್ರಶ್ ಮುಟ್ಟುವ ಹಾಗಿಲ್ಲ. ಕಡಲ ಊರಿನಲ್ಲಿ ಜಲವರ್ಣ ಕಲಿಸುವ ಯಾರಿಗಾದರೂ ಇದೊಂದನ್ನು ಖಂಡಿತ ಹೇಳುತ್ತೇನೆ.

ಕಾಗದದ ಬಗ್ಗೆ ಸ್ವಲ್ಪ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ), ನೂರಕ್ಕೆ ನೂರು ಹತ್ತಿಯ ಕಾಗದ ತನ್ನಿ ಎಂದು ಮೊದಲೇ ಬರೆದಿದ್ದೆವು. 22×30 ಇಂಚಿನ ಒಂದು ಹಾಳೆಯನ್ನು ನಾಲ್ಕು ಮಾಡಿದರೆ ಒಂದು ಮುಖಕ್ಕೆ ಬೇಕಾದಷ್ಟು ಜಾಗ ಸಿಗುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಎರಡನೇ ಪದರ ಹಾಕುವಾಗ ಮೊದಲಿನದು ಎದ್ದು ಬರುತ್ತದೆ. ಕಪ್ಪು ಮೈಬಣ್ಣಕ್ಕೆ ಪದರ ಬೇಕೇ ಬೇಕು, ಹಾಗಾಗಿ ಇದರಲ್ಲಿ ಉಳಿತಾಯ ಮಾಡಬಾರದು.

ಡ್ರಾಯಿಂಗ್ ಮಾಸ್ತರು ಒಂದು ಒಳ್ಳೆಯ ವಿದೇಶಿ ಹಾಳೆಯನ್ನು ವರ್ಷಗಟ್ಟಲೆ ಜೋಪಾನ ಮಾಡಿ ಇಟ್ಟುಕೊಂಡಿದ್ದರು. ಯಾವುದಾದರೂ ಒಳ್ಳೆಯ ಚಿತ್ರಕ್ಕೆ ಇರಲಿ ಎಂದು. ಮೊದಲ ವಾಶ್ ಹಾಕಿದ ಕೂಡಲೇ ಹಣೆಯ ತುಂಬ ಕಪ್ಪು ಚುಕ್ಕೆಗಳು ಎದ್ದವು. ಒಳ್ಳೆಯ ಜಲವರ್ಣ ಕಾಗದಕ್ಕೆ ಜೆಲಟಿನ್‌ನಂಥ ಅಂಟಿನ ಲೇಪ ಇರುತ್ತದೆ. ಬಣ್ಣ ಮೇಲೆಯೇ ನಿಲ್ಲುವುದು ಅದರಿಂದ. ಮಳೆಗಾಲದ ಒದ್ದೆ ಹೊಡೆದು ಹೊಡೆದು ಆ ಲೇಪ ಅಲ್ಲಲ್ಲಿ ಸತ್ತು ಹೋಗುತ್ತದೆ. ಸತ್ತ ಜಾಗದಲ್ಲಿ ಕಾಗದ ಬಣ್ಣವನ್ನು ಒಳಗೆ ಹೀರಿಕೊಳ್ಳುತ್ತದೆ. ನೋಡಿ ನನಗೂ ಸಂಕಟವಾಯಿತು. ಹಳೆಯ ಕಾಗದವಾದರೆ ಹಿಂಬದಿಯ ಮೂಲೆಯಲ್ಲಿ ಒಂದು ತೆಳು ವಾಶ್ ಹಾಕಿ ನೋಡಬೇಕು. ಚುಕ್ಕೆ ಎದ್ದರೆ ಅದು ಪೆನ್ಸಿಲ್ಲಿಗೆ ಸರಿ. ಕರಾವಳಿಯ ಮನೆಗಳಲ್ಲಿ ಒಳ್ಳೆಯ ಕಾಗದವನ್ನು ಕೂಡಿಡಬಾರದು, ಬಳಸಿಬಿಡಬೇಕು. ಇಡಲೇಬೇಕೆಂದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಇನ್ನೊಬ್ಬರು ಡಬ್ಬಿಗೆ ಹೊಳೆಯ ನೀರನ್ನೇ ತುಂಬಿಕೊಂಡು ಬಂದಿದ್ದರು. ಒಣಗಿದ ಮೇಲೆ ಬಣ್ಣದಲ್ಲಿ ಸಣ್ಣ ಹರಳು ಹರಳು ಕಂಡವು, ನೋಡಲು ಚೆಂದವೇ. ಆದರೆ ಸಂಜೆ ಆ ಚಿತ್ರ ಮತ್ತೆ ಒದ್ದೆಯಾಯಿತು. ಕಡಲ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಎಲ್ಲರೂ ಬಾವಿ ನೀರಿಗೆ ಬಂದರು.

"ಮೋರೆ ಎಂತಕ್ಕೆ ಹೀಗೆ?"

ಶಿಬಿರದ ಜೀವಾಳ ಎನ್ನಬಹುದಾದ ಘಟನೆ ಎರಡನೇ ಬೈಠಕ್ಕಿನಲ್ಲಿ ನಡೆಯಿತು. ಬಿಡುವಿನಲ್ಲಿ ಅಕ್ಕ ಎದ್ದು ಒಂದೊಂದೇ ಬೋರ್ಡಿನ ಮುಂದೆ ನಿಂತು ನೋಡತೊಡಗಿದರು. ಒಬ್ಬರು ಡಬ್ಬಿಯಲ್ಲಿ ಬರುವ 'ಫ್ಲೆಶ್ ಟಿಂಟ್' (ಮೈಬಣ್ಣ ಎಂದು ಹೆಸರಿಟ್ಟ ಗುಲಾಬಿ) ಟ್ಯೂಬಿಗೆ ಸ್ವಲ್ಪ ಕಂದು ಸೇರಿಸಿ ಮುಖ ತುಂಬಿದ್ದರು. ಮುಖ ಗುಲಾಬಿಯಾಗಿತ್ತು. ಅಕ್ಕ ಜೋರಾಗಿ ನಕ್ಕು, "ಇದು ಯಾರು?" ಎಂದರು. ಪಕ್ಕದವರು ಉಲ್ಟಾ ಮಾಡಿದ್ದರು. ಕಂದು ಬಣ್ಣಕ್ಕೆ ಕಪ್ಪು ಟ್ಯೂಬನ್ನು ಬೆರೆಸಿ ಮೈಬಣ್ಣ ಮಾಡಿದ್ದರು. ಅಲ್ಲಿ ಅಕ್ಕ ನಗಲಿಲ್ಲ. "ಅಕ್ಕೋರೆ, ಮೋರೆ ಎಂತಕ್ಕೆ ಹೀಗೆ? ಬೂದಿ ಬಳ್ದಾಂಗೆ ಕಾಣ್ತದೆ. ನಾ ಕಪ್ಪಗಿದ್ದೇನೆ, ಅದು ನಂಗೂ ಗೊತ್ತು. ಇದು ಕಪ್ಪಲ್ಲ" ಎಂದರು.

ಜಗಲಿ ಒಂದು ಕ್ಷಣ ಸ್ತಬ್ಧವಾಯಿತು. ಬರೆದವರು ಮುಖ ಕೆಳಗೆ ಹಾಕಿದರು. ಬೆಳ್ಳಗೆ ಮಾಡಿ ಎಂದು ಕೇಳುತ್ತಿದ್ದಾರೆ ಎಂದೇ ಕೆಲವರು ತಿಳಿದರು. ನನಗೆ ಹಾಗೆ ಅನಿಸಲಿಲ್ಲ. ಅವರ ಮಾತು ಚಿತ್ರಕಲೆಯ ದೃಷ್ಟಿಯಿಂದ ನೂರಕ್ಕೆ ನೂರು ಸರಿಯಾಗಿತ್ತು. ಕಪ್ಪು ಟ್ಯೂಬಿನ ಬಣ್ಣ ಮೈಬಣ್ಣದ ಬಿಸಿಯನ್ನು ಕೊಲ್ಲುತ್ತದೆ. ಅವರ ಮುಖ ಕತ್ತಲೆಯ ಜಾಗದಲ್ಲೂ ಕೆಂಪು, ಕಂದು, ನೇರಳೆ ಒಳಗಿಟ್ಟುಕೊಂಡು ಹೊಳೆಯುತ್ತಿತ್ತು. ಚಿತ್ರದಲ್ಲಿ ಅದು ಇರಲಿಲ್ಲ. ಆ ದಿನದ ಪಾಠವನ್ನು ಅಲ್ಲೇ ನಿಲ್ಲಿಸಿ ಬಣ್ಣಕ್ಕೆ ಬಂದೆ. ಅಕ್ಕ ಪಕ್ಕದಲ್ಲೇ ಕೂತು ನೋಡಿದರು.

ಮೊದಲು ಎರಡು ಟ್ಯೂಬನ್ನು ಎಲ್ಲರೂ ಚೀಲಕ್ಕೆ ಹಾಕಿದರು: ಕಪ್ಪು ಮತ್ತು ಫ್ಲೆಶ್ ಟಿಂಟ್. ಎರಡನೆಯದು ಯಾರ ಮೈಬಣ್ಣ ಎಂದು ಯೋಚಿಸಿ. ಅಮೆರಿಕದ ಕ್ರೆಯೋಲಾ ಕಂಪನಿ ಕೂಡ 'ಫ್ಲೆಶ್' ಎಂಬ ಕ್ರೆಯಾನಿನ ಹೆಸರನ್ನು 1962ರಲ್ಲೇ 'ಪೀಚ್' ಎಂದು ಬದಲಿಸಿತು. ನಮ್ಮ ಮಕ್ಕಳು ಮಾತ್ರ ಇನ್ನೂ ಆ ಗುಲಾಬಿ ಬಣ್ಣವನ್ನೇ ಎಲ್ಲ ಮುಖಗಳಿಗೂ ತುಂಬುತ್ತಾರೆ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಿಷಯ.

ಉಳಿದದ್ದು ಐದು ಬಣ್ಣ. ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನಾ (ಕೆಂಪು ಮಿಶ್ರಿತ ಕಂದು), ಕ್ವಿನಾಕ್ರಿಡೋನ್ ರೋಸ್ (ಗುಲಾಬಿ ಕೆಂಪು), ಅಲ್ಟ್ರಾಮರೀನ್ ನೀಲಿ (ಗಾಢ), ಸೆರೂಲಿಯನ್ ನೀಲಿ (ಆಕಾಶದ್ದು). ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಬೇಡ ಎಂದೆ, ಹಳೆಯ ಬಗೆಯದು ಬೆಳಕಿಗೆ ಮಾಸುತ್ತದೆ. ಮೊದಲು ಮುಖ, ಕತ್ತು ಎಲ್ಲದರ ಮೇಲೆ ಓಕರ್ ಮತ್ತು ರೋಸ್ ಬೆರೆಸಿದ ವಾಶ್. ಹಣೆ, ಕೆನ್ನೆಯ ಮೂಳೆ, ಮೂಗಿನ ತುದಿ, ಕೆಳತುಟಿ, ಇಲ್ಲಿ ಹೊಳೆಯುವ ಜಾಗದಲ್ಲಿ ಕಾಗದವನ್ನು ಹಾಗೇ ಬಿಡಬೇಕು. ಒದ್ದೆ ಇರುವಾಗಲೇ ಕೆನ್ನೆ, ಮೂಗು, ಕಿವಿಗೆ ಇನ್ನಷ್ಟು ರೋಸ್. ಒಣಗಿದ ಮೇಲೆ ಬರ್ಂಟ್ ಸಿಯೆನಾ, ಧೈರ್ಯವಾಗಿ. ಕೊನೆಗೆ ಕಣ್ಣಿನ ಗುಳಿ, ಮೂಗಿನ ಕೆಳಗೆ, ಕತ್ತಿನ ನೆರಳಿಗೆ ಬರ್ಂಟ್ ಸಿಯೆನಾ ಮತ್ತು ಅಲ್ಟ್ರಾಮರೀನ್ ಬೆರಕೆ. ಇವೆರಡು ಸೇರಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ ಸಿಗುತ್ತದೆ. ಸಿಯೆನಾ ಜಾಸ್ತಿ ಮಾಡಿದರೆ ಬಿಸಿ, ನೀಲಿ ಜಾಸ್ತಿ ಮಾಡಿದರೆ ತಂಪು. ಈ ಹಿಡಿತ ಕಪ್ಪು ಟ್ಯೂಬಿನಲ್ಲಿ ಎಂದೂ ಸಿಗುವುದಿಲ್ಲ.

ಧೈರ್ಯ ಎಂದು ಸುಮ್ಮನೆ ಹೇಳಿದ್ದಲ್ಲ. ಜಲವರ್ಣ ಒಣಗಿದಾಗ ತೆಳುವಾಗುತ್ತದೆ. ಅದು ಗೊತ್ತಿಲ್ಲದವರು ಹೆದರಿ ಹೆದರಿ ತೆಳು ಪದರಗಳನ್ನು ಒಂದರ ಮೇಲೊಂದು ಹಾಕುತ್ತಾರೆ. ಐದಾರು ಪದರವಾಗುವಷ್ಟರಲ್ಲಿ ಕೆಳಗಿನ ಬಿಳಿ ಕಾಗದದ ಬೆಳಕು ಸತ್ತು ಕೆಸರಾಗುತ್ತದೆ. ಗಾಢ ಮೈಬಣ್ಣವನ್ನು ಎರಡು-ಮೂರು ಪದರದಲ್ಲೇ ಮುಗಿಸಬೇಕು. ಬಣ್ಣ ಜಾಸ್ತಿ, ನೀರು ಕಡಿಮೆ. ಹೆದರಿಕೆಯ ಹಿಂದೆ ಇನ್ನೊಂದು ಕಾರಣವೂ ಇದೆ ಎಂದು ನನ್ನ ಅನಿಸಿಕೆ. ಗಾಢವಾಗಿ ಬರೆದರೆ ಕೂತವರಿಗೆ ಅವಮಾನವಾದೀತು ಎಂಬ ಭಾವನೆ ನಮ್ಮೊಳಗೆ ಎಲ್ಲೋ ಕೂತಿದೆ. ಅದನ್ನು ಬಾಯಿಬಿಟ್ಟು ಹೇಳಿ ಮಾತಾಡಿದೆವು. ನಿವೃತ್ತ ಬ್ಯಾಂಕಿನವರು, ತಮ್ಮ ತಾಯಿಯ ಚಿತ್ರ ಬರೆದಾಗ ಮನೆಯವರೆಲ್ಲ ಬೆಳ್ಳಗೆ ಮಾಡಿಸಿದ್ದನ್ನು ಹೇಳಿಕೊಂಡರು. ಆಗಿನಿಂದ ಆ ಚಿತ್ರ ಅಮ್ಮನ ಹಾಗೆ ಕಾಣಲೇ ಇಲ್ಲವಂತೆ.

ಊರು ಮುಖದ ಮೇಲೇ ಇತ್ತು

ಸಮುದ್ರವನ್ನು ಚಿತ್ರದೊಳಗೆ ತರಬೇಕೆಂಬ ಆಸೆ ಯಾರಿಗೂ ಹೋಗಿರಲಿಲ್ಲ. ಹಲವರು ತಲೆಯ ಹಿಂದೆ ತೆಂಗು, ದೋಣಿ ಸೇರಿಸತೊಡಗಿದರು. ನಾನು ಕಟ್ಟುನಿಟ್ಟು ಮಾಡಿದೆ. ಮುಖ ಕಾಗದದ ಮೂರನೇ ಎರಡು ಭಾಗ ತುಂಬಬೇಕು, ಹಿನ್ನೆಲೆಗೆ ಒಂದೇ ವಾಶ್. ಆಮೇಲೆ, ಈ ಊರು ಮುಖದ ಮೇಲೆ ಎಲ್ಲಿದೆ ಹುಡುಕಿ ಎಂದೆ.

ಕಪ್ಪು ಮೈಯ ಹೊಳಪಿನಲ್ಲಿ ಆಕಾಶ ಚೆನ್ನಾಗಿ ಕಾಣುತ್ತದೆ. ಅಕ್ಕನ ಹಣೆ, ಕೆನ್ನೆಯ ಮೂಳೆಯ ಹೊಳಪು ತಿಳಿನೀಲಿ. ಬಿಟ್ಟ ಕಾಗದದ ಮೇಲೆ ಅತಿ ತೆಳುವಾದ ಸೆರೂಲಿಯನ್ ಎಳೆದರೆ ಸಾಕು, ಅಳಿವೆಯ ಆಕಾಶ ಬಂತು. ಅಂಗಳದ ನೆಲ ಕೆಂಪು ಮಣ್ಣು, ಗೋಡೆ ಚಿರೇಕಲ್ಲು. ಗಲ್ಲದ ಕೆಳಗಿನ ನೆರಳು ಅದರ ಬೆಳಕಿನಿಂದ ಇಟ್ಟಿಗೆಗೆಂಪಾಗಿತ್ತು. ಮಡಿಲಿನ ಅಬ್ಬಲಿಗೆಯ ಕಿತ್ತಳೆ ಬಣ್ಣ ಬೆರಳುಗಳ ಒಳಮೈಗೆ ಹತ್ತಿತ್ತು. ಕಣ್ಣಿನ ಪಕ್ಕದ ಗೆರೆಗಳ ಒಳಗೆ ಚರ್ಮ ತಿಳಿಯಾಗಿತ್ತು. ನೀರಿನ ಮೇಲಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ, ಮಡಿಕೆಯೊಳಗಿನ ಚರ್ಮಕ್ಕೆ ಬಿಸಿಲು ತಾಗಿಯೇ ಇಲ್ಲ. ಇಷ್ಟನ್ನು ಕಂಡ ಮೇಲೆ ಹಿಂದೆ ದೋಣಿ ಬೇಕು ಎಂದು ಯಾರೂ ಕೇಳಲಿಲ್ಲ.

ಒಂದು ಸಂಜೆ ಎಸ್. ಎಲ್. ಹಳದಣಕರ್ ಅವರ, ದೀಪ ಹಿಡಿದ ಹೆಂಗಸಿನ ಚಿತ್ರದ ಬಗ್ಗೆ ಮಾತಾಡಿದೆವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಆ ಚಿತ್ರವನ್ನು ಅಲ್ಲಿದ್ದ ಹೆಚ್ಚಿನವರು ಶಾಲಾ ಪ್ರವಾಸದಲ್ಲೇ ನೋಡಿದ್ದರು. ರವಿವರ್ಮನದ್ದು, ತೈಲವರ್ಣ 

ಎಂದೇ ಕೆಲವರು ತಿಳಿದಿದ್ದರು. ಅದು ಜಲವರ್ಣ. ಬರೆದವರು ಸಾವಂತವಾಡಿಯ, ಅಂದರೆ ನಮ್ಮದೇ ಕೊಂಕಣ ಕರಾವಳಿ ಕಡೆಯ ಹಳದಣಕರ್. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಒಳಗಿನಿಂದ ಕೆಂಪಾಗಿ ಬೆಳಗುವುದನ್ನು ನೋಡಿದವರು ಮರೆಯುವುದಿಲ್ಲ. ಅದಕ್ಕೆ ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ನಿಂತವರ ಕೈ ಎಷ್ಟು ಸೋತಿರಬೇಕು ಎಂದು ಆ ಸಂಜೆ ಎಲ್ಲರೂ ಯೋಚಿಸಿದರು. ಕಡಲ ಊರಿನ ಮುಖಗಳನ್ನು ಬರೆದ ಇನ್ನೊಬ್ಬನ ಉದಾಹರಣೆಯೂ ಇದೆ. ವಿನ್ಸ್ಲೋ ಹೋಮರ್ ಎಂಬ ಅಮೆರಿಕದ ಕಲಾವಿದ 1881ರಲ್ಲಿ ಇಂಗ್ಲೆಂಡಿನ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ ಮರುವರ್ಷದವರೆಗೆ ಅಲ್ಲೇ ಉಳಿದ. ಅಲ್ಲಿನ ಮೀನುಗಾರ ಹೆಂಗಸರನ್ನು ಜಲವರ್ಣದಲ್ಲಿ ಮತ್ತೆ ಮತ್ತೆ ಬರೆದ. ಅಷ್ಟು ಕಾಲ ಉಳಿಯುವುದು ಶಿಬಿರಕ್ಕೆ ಸಾಧ್ಯವಿಲ್ಲ. ಅದಕ್ಕೇ ಹಲವು ಮುಖಗಳ ಬದಲು ಒಂದೇ ಮುಖ ಸಾಕು ಎಂದು ನಾನು ಹಟ ಹಿಡಿದದ್ದು.

ಯಾರಿಗೆ ಏನು ಸಿಕ್ಕಿತು

ಎಲ್ಲರ ಚಿತ್ರವೂ ಚೆನ್ನಾಗಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರಿಗೆ ಕೊನೆಯವರೆಗೂ ಗಾಢ ಬಣ್ಣಕ್ಕೆ ಕೈ ಬರಲಿಲ್ಲ. ಒಬ್ಬರು ಹೋಲಿಕೆಗಾಗಿ ರೆಪ್ಪೆಯ ಕೂದಲು, ಹಲ್ಲು ಎಲ್ಲವನ್ನೂ ಬರೆದರು, ಆದರೂ ಅಕ್ಕ ಬರಲಿಲ್ಲ. ಹೋಲಿಕೆ ಇರುವುದು ದೂರಗಳಲ್ಲಿ. ಎರಡು ಕಣ್ಣು, ಮೂಗಿನ ಬುಡ, ಬಾಯಿಯ ನಡುವಿನ ಅಂತರ ಒಂದು ಕೂದಲೆಳೆ ತಪ್ಪಿದರೂ ಬೇರೆ ಮನುಷ್ಯರಾಗುತ್ತಾರೆ. ಪೆನ್ಸಿಲ್ಲಿನ ಹಂತಕ್ಕೆ ಇನ್ನೂ ಒಂದು ಬೈಠಕ್ ಇಡಬೇಕಿತ್ತು ಎಂದು ಹಲವರು ಹೇಳಿದರು, ಅದು ನ್ಯಾಯವಾದ ಮಾತು.

ಕಪ್ಪು ಬೆರೆಸಿದ್ದವರು ಹೊಸ ಹಾಳೆಯಲ್ಲಿ ಮೊದಲಿನಿಂದ ಶುರು ಮಾಡಿದರು. ಬಣ್ಣದ ಮಟ್ಟಿಗೆ ಶಿಬಿರದ ಅತಿ ಒಳ್ಳೆಯ ಚಿತ್ರ ಅವರದೇ. ಅಕ್ಕ ಅದರ ಮುಂದೆ ನಿಂತು, "ಈಗ ಜೀವ ಬಂತು" ಎಂದರು.

ಆದರೆ ಮನೆಗೆ ಒಯ್ಯಲು ಅವರು ಆರಿಸಿದ್ದು ಅದನ್ನಲ್ಲ. ಊರಿನ ಹುಡುಗಿಯರಲ್ಲಿ ಒಬ್ಬಳು ಬರೆದದ್ದನ್ನು. ವಾಶ್‌ಗಳು ಒಂದಕ್ಕೊಂದು ಹರಿದಿದ್ದವು, ಕಿವಿ ಸ್ವಲ್ಪ ಮೇಲೆ ಹೋಗಿತ್ತು. ಆದರೆ ಮೂಗುತಿ ಸರಿಯಾದ ಜಾಗದಲ್ಲಿತ್ತು, ನಗು ತಡೆದುಕೊಂಡಾಗ ಬಾಯಿಯ ಎಡತುದಿ ಒಳಗೆ ಹೋಗುವುದು ಅದರಲ್ಲಿ ಬಂದಿತ್ತು. ಹುಟ್ಟಿದಾಗಿನಿಂದ ನೋಡಿದ ಮುಖ ಅದು. ಉಳಿದವರಿಗೆ ಆ ತುದಿ ಕಂಡೇ ಇರಲಿಲ್ಲ. ನನಗೂ ಕಂಡಿರಲಿಲ್ಲ, ಅವಳ ಚಿತ್ರ ನೋಡಿದ ಮೇಲೆ ಕಂಡಿತು. ಊರಿನವರಿಗೆ ಜಾಗ ಇಡುವುದು ಉಪಕಾರ ಎಂದು ಯಾರಾದರೂ ತಿಳಿದರೆ ಈ ಉದಾಹರಣೆ ಕೊಡುತ್ತೇನೆ. ಅವರು ಇಲ್ಲದಿದ್ದರೆ ಉಳಿದ ಹತ್ತು ಮಂದಿಯ ಕಲಿಕೆಯೇ ಅರ್ಧವಾಗುತ್ತಿತ್ತು.

ಚಿತ್ರಕ್ಕೆ ಲ್ಯಾಮಿನೇಷನ್ ಮಾಡಿಸೋಣ ಎಂದು ಅಕ್ಕನ ಮಗ ಹೇಳಿದ. ಬೇಡ ಎಂದು ಕುಮಟೆಯಲ್ಲಿ ಫ್ರೇಮ್ ಹಾಕಿಸಿಕೊಟ್ಟೆವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಡೆ ಜಲವರ್ಣ ಗಾಜಿಗೆ ತಾಗಿ ಕೂರಬಾರದು. ತಾಗಿದರೆ ತೇವ ಕಟ್ಟಿ ಬೂಷ್ಟು ಬರುತ್ತದೆ, ಕಾಗದ ಗಾಜಿಗೆ ಅಂಟುತ್ತದೆ. ಅದಕ್ಕೆ ನಡುವೆ ದಪ್ಪ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು, ಹಾಕಿಸಿದೆವು. ಮಳೆ ಹೊಡೆಯುವ ಹೊರಗೋಡೆಗೆ ತೂಗಬೇಡಿ, ನಡುಮನೆಯ ಒಳಗೋಡೆಗೆ ಹಾಕಿ ಎಂದು ಹೇಳಿ ಬಂದೆ.

ಮುಂದಿನ ಶಿಬಿರಕ್ಕೆ ಅಕ್ಕನೇ ಎರಡು ಮಾತು ಹೇಳಿದ್ದಾರೆ. ತಮ್ಮ ತಂಗಿಯನ್ನೂ ಕರೆತರುತ್ತಾರಂತೆ, ಇಬ್ಬರೂ ಸರದಿಯ ಮೇಲೆ ಕೂತರೆ ಬೆನ್ನಿಗೆ ಸುಲಭ. ಇನ್ನೊಂದು, ಮೊದಲ ದಿನ ಬರೆಯುವುದು ಬೇಡ, ಎಲ್ಲರೂ ಬಂದು ಊಟ ಮಾಡಿ ಮಾತಾಡಲಿ, ಆಮೇಲೆ ಕೂರುತ್ತೇವೆ ಎಂದಿದ್ದಾರೆ. ಎರಡನ್ನೂ ಒಪ್ಪಿಕೊಂಡಿದ್ದೇವೆ. ಮಕರ ಸಂಕ್ರಾಂತಿ ಕಳೆದ ಮೇಲಿನ ಅಷ್ಟಮಿಗೆ ದಿನ ನೋಡುತ್ತಿದ್ದೇವೆ.